ಎಪ್ಪತ್ತು ದಾಟಿಯೂ ದೂರದ ದಾರಿ ನಡೆಯುವವರು ನಿಮಗೆ ಸಿಕ್ಕಿದ್ದಾರಾ? ಅವರಿಂದ ಏನು ಕಲಿತಿರಿ?

ವನಜಾ, ಅರಸೀಕೆರೆ (ಈಗ ವರ್ಜೀನಿಯಾ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಪಲೇಚಿಯನ್ ಟ್ರೇಲ್ ಎಂಬ ಉದ್ದದ ಕಾಲುದಾರಿಯಲ್ಲಿ ನಡೆಯುವ ಕನ್ನಡದವರು ಇಲ್ಲಿ ಕೆಲವರಾದರೂ ಇದ್ದೀರಿ ಅಂದುಕೊಂಡು ಕೇಳುತ್ತಿದ್ದೇನೆ. ದಾರಿಯಲ್ಲಿ ಸಿಗುವ ವಯಸ್ಸಾದವರನ್ನು ನೋಡಿ ನಿಮ್ಮ ನಡಿಗೆಯಲ್ಲಿ ಏನಾದರೂ ಬದಲಾಯಿಸಿಕೊಂಡಿದ್ದೀರಾ? "ಈ ವಯಸ್ಸಲ್ಲೂ ಎಷ್ಟು ಗಟ್ಟಿ!" ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟು ಸಾಲದು. ಬೆಳಿಗ್ಗೆಯಿಂದ ಸಂಜೆವರೆಗೆ ಅವರು ನಿಜವಾಗಿ ಏನು ಮಾಡುತ್ತಾರೆ, ಅದು ಬೇಕು.

ನನಗೆ ಈಗ 56. ಬಲ ಮಂಡಿ ಸವೆದಿದೆ. ಡಾಕ್ಟರು ನಡೆಯಬೇಡಿ ಅನ್ನಲಿಲ್ಲ, ಇಳಿಜಾರಿನಲ್ಲಿ ಜೋಪಾನ ಅಂದರು. ಆದರೆ ಮನೆಯವರು, ನೆಂಟರು, ವಾಟ್ಸಾಪ್ ಗುಂಪಿನವರು ಎಲ್ಲರದ್ದೂ ಒಂದೇ ಮಾತು: ಬೆಟ್ಟ ಕಾಡು ಇನ್ನು ಸಾಕು, ಪಾರ್ಕಿನಲ್ಲಿ ಎರಡು ಸುತ್ತು ಹಾಕು. ನಾನೂ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ.

ಜೂನ್‌ನಲ್ಲಿ ಇಲ್ಲಿನ ಶೆನಂಡೋವಾ ನ್ಯಾಷನಲ್ ಪಾರ್ಕಿಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಟ್ರೇಲ್ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ 14 ರಾಜ್ಯ ದಾಟಿ ಹೋಗುತ್ತದೆ. ಸುಮಾರು 2,200 ಮೈಲಿ, ಅಂದರೆ 3,500 ಕಿಲೋಮೀಟರ್. ಅದರಲ್ಲಿ ನೂರು ಮೈಲಿಗಿಂತ ಸ್ವಲ್ಪ ಜಾಸ್ತಿ ಶೆನಂಡೋವಾ ಪಾರ್ಕಿನ ಒಳಗಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಜಾರ್ಜಿಯಾ ಬಿಟ್ಟವರಲ್ಲಿ ತುಂಬಾ ಜನ ಮೇ ಕೊನೆ, ಜೂನ್ ಹೊತ್ತಿಗೆ ಇಲ್ಲಿ ಮುಟ್ಟುತ್ತಾರೆ. ಹಾಗಾಗಿ ಶನಿವಾರ ಭಾನುವಾರ ನಡೆಯುವ ನಮ್ಮಂಥವರಿಗೂ ಆಗ ಅವರ ಜೊತೆ ಸಿಗುತ್ತದೆ.

ನಡೆಯುವವರು ರಾತ್ರಿ ತಂಗುವ ಬೇರ್‌ಫೆನ್ಸ್ ಹಟ್‌ನಲ್ಲಿ ಒಬ್ಬ ಹಿರಿಯ ಹೆಂಗಸು ಸಿಕ್ಕರು. 73 ವರ್ಷ. ಅವರ ಹೆಸರು ಬರೆಯುವುದಿಲ್ಲ, ಟ್ರೇಲ್ ಹೆಸರನ್ನೂ, ಅಂದರೆ ದಾರಿಯಲ್ಲಿ ಕರೆಯುವ ಅಡ್ಡಹೆಸರನ್ನೂ, ಬರೆಯುವುದಿಲ್ಲ. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಇಡೀ ದಾರಿಯನ್ನು ವರ್ಷಕ್ಕೊಂದು ತುಂಡಿನಂತೆ ನಡೆಯುತ್ತಿದ್ದಾರೆ. ಮರುದಿನ ಇಬ್ಬರದ್ದೂ ಒಂದೇ ದಿಕ್ಕು, ಬಿಗ್ ಮೆಡೋಸ್ ದಾಟಿ ರಾಕ್ ಸ್ಪ್ರಿಂಗ್ ಹಟ್‌ವರೆಗೆ. ಜೊತೆಗೇ ನಡೆದೆವು.

ಹುಡುಗರು ಇನ್ನೂ ಮಲಗಿದ್ದಾಗಲೇ ಅವರು ಬ್ಯಾಗ್ ಕಟ್ಟಿ ಆಗಿತ್ತು. ಮೊದಲ ಅರ್ಧ ಗಂಟೆ ತುಂಬಾ ನಿಧಾನ. "ಮಂಡಿಗೂ ಬೆಳಗಾಗಬೇಕಲ್ಲ" ಅಂದರು. ಏರಿನಲ್ಲಿ ಹೆಜ್ಜೆ ಚಿಕ್ಕದು, ಆದರೆ ನಿಲ್ಲುವುದಿಲ್ಲ. ಮಾತಾಡುತ್ತಲೇ ಹತ್ತುತ್ತಾರೆ. ಮಾತಿಗೆ ಉಸಿರು ಸಾಲದಾದರೆ ಇನ್ನೂ ನಿಧಾನ ಮಾಡುತ್ತಾರೆ. ಇಳಿಜಾರು ಬಂತು ಅಂದರೆ ನಿಂತು ಎರಡೂ ಪೋಲ್‌ಗಳನ್ನು ಸ್ವಲ್ಪ ಉದ್ದ ಮಾಡಿಕೊಳ್ಳುತ್ತಾರೆ. ಮೊದಲು ಕೋಲು, ಆಮೇಲೆ ಕಾಲು. ಒಂದು ಕಡೆ ಬಂಡೆ ಒದ್ದೆಯಾಗಿತ್ತು, ಅಲ್ಲಿ ಕೂತುಕೊಂಡೇ ಜಾರಿ ಇಳಿದರು. ಹಿಂದೆ ಬಂದ ಹುಡುಗರು ಕಾಯುತ್ತಾ ನಿಂತರು. ಇವರು ಅವಸರ ಮಾಡಲಿಲ್ಲ, ಸಾರಿ ಅಂತಲೂ ಹೇಳಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಹೆಂಗಸರು ಇಂಥ ಕಡೆ ಸಂಕೋಚಕ್ಕೇ ಎದ್ದು ನಿಂತುಬಿಡುತ್ತೇವೆ, ಅಲ್ವಾ?

ಬಿಗ್ ಮೆಡೋಸ್‌ನಲ್ಲಿ ಕೂತಾಗ ಶೂ, ಕಾಲುಚೀಲ ಎರಡೂ ಬಿಚ್ಚಿದರು. ಬೆರಳ ಸಂದುಗಳನ್ನೆಲ್ಲ ನೋಡಿಕೊಂಡರು. ಹಿಮ್ಮಡಿಯಲ್ಲಿ ಒಂದು ಕಡೆ ಚರ್ಮ ಕೆಂಪಾಗಿತ್ತು ಅಷ್ಟೆ, ಬೊಬ್ಬೆ ಏನೂ ಬಂದಿರಲಿಲ್ಲ. ಆಗಲೇ ಟೇಪ್ ಹಚ್ಚಿದರು. ಒಣಗಿದ ಕಾಲುಚೀಲ ಹಾಕಿಕೊಂಡು ಒದ್ದೆಯದನ್ನು ಬ್ಯಾಗಿನ ಹೊರಗೆ ಸಿಕ್ಕಿಸಿದರು. ಮೂರೂವರೆಗೆಲ್ಲ ರಾಕ್ ಸ್ಪ್ರಿಂಗ್ ತಲುಪಿದೆವು. ಬೇಕಾದಷ್ಟು ಬೆಳಕಿತ್ತು. ಇನ್ನೂ ಸ್ವಲ್ಪ ಮುಂದೆ ಹೋಗಬಹುದಲ್ಲ ಅಂದೆ. "ನಾಳೆಯೂ ನಡೆಯಬೇಕಲ್ಲ" ಅಂದರು.

ಅವತ್ತಿನಿಂದ ನನ್ನ ತಲೆಯಲ್ಲಿ ಇರುವುದು ಇದೇ. ಅವರು ತಮ್ಮ ವಯಸ್ಸನ್ನು ಪ್ರತಿ ಹೆಜ್ಜೆಗೂ ಲೆಕ್ಕಕ್ಕೆ ಹಿಡಿದು ನಡೆಯುತ್ತಾರೆ. ಹೀಗೆ ನಡೆಯುವುದು ಒಂದು ಕಸುಬು, ಕಲಿತರೆ ಬರುತ್ತದೆ ಅನ್ನಿಸಿತು. ನಿಮಗೆ ಗೊತ್ತಿರುವುದನ್ನು ಬರೆಯಿರಿ. ಚಿಕ್ಕ ವಿಷಯವಾದರೂ ಪರವಾಗಿಲ್ಲ.

ರಾಘವೇಂದ್ರ, ಷಾರ್ಲೆಟ್

ವನಜಾ ಅವರೇ, ಈ ದಾರಿಯ ಚರಿತ್ರೆಯಲ್ಲೇ ಹಿರಿಯರು ತುಂಬಾ ಜನ ಇದ್ದಾರೆ. ಎಮ್ಮಾ ಗೇಟ್‌ವುಡ್ ಅವರ ಕಥೆ ನೀವು ಕೇಳಿರಬಹುದು. 11 ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಒಬ್ಬರೇ ಒಂದೇ ಸಲಕ್ಕೆ ಪೂರ್ತಿ ನಡೆದರು. ಹಾಗೆ ನಡೆದ ಮೊದಲ ಹೆಂಗಸು ಅವರೇ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಟೆಂಟೂ ಇಲ್ಲ, ಸ್ಲೀಪಿಂಗ್ ಬ್ಯಾಗೂ ಇಲ್ಲ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದಕ್ಕಿಂತ ಒಂದು ವರ್ಷ ಹಿಂದಿನದು. 1954ರಲ್ಲಿ ಅವರು ಮೇನ್ ಕಡೆಯಿಂದ ಹೊರಟಿದ್ದರು. ಕಾಡಿನಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು, ಮನೆಗೆ ವಾಪಸ್ ಬಂದರು. ಮರುವರ್ಷ ಇನ್ನೊಂದು ತುದಿಯಿಂದ, ಜಾರ್ಜಿಯಾದಿಂದ ಶುರು ಮಾಡಿದರು. 1957ರಲ್ಲಿ ಮತ್ತೊಮ್ಮೆ ಪೂರ್ತಿ ನಡೆದರು. ಮೂರನೇ ಸಲ ತುಂಡು ತುಂಡಾಗಿ ನಡೆದು 1964ರಲ್ಲಿ ಮುಗಿಸಿದರು. ನಿಮಗೆ ಸಿಕ್ಕವರ ಹಾಗೆಯೇ.

2017ರಲ್ಲಿ 'ಗ್ರೇ ಬಿಯರ್ಡ್' ಎಂಬ ಟ್ರೇಲ್ ಹೆಸರಿನ ಡೇಲ್ ಸ್ಯಾಂಡರ್ಸ್ 82ನೇ ವಯಸ್ಸಿನಲ್ಲಿ ಮುಗಿಸಿದರು. 2021ರಲ್ಲಿ 'ನಿಂಬಲ್‌ವಿಲ್ ನೋಮ್ಯಾಡ್' ಎಂಬ ಟ್ರೇಲ್ ಹೆಸರಿನವರು 83ಕ್ಕೆ ಮುಗಿಸಿ, ಅತಿ ಹಿರಿಯ ವಯಸ್ಸಿನ ಆ ದಾಖಲೆ ಮುರಿದರು. ಸ್ಯಾಂಡರ್ಸ್ ಕೊನೆ ಹೆಜ್ಜೆ ಇಟ್ಟಿದ್ದು ಹಾರ್ಪರ್ಸ್ ಫೆರಿಯಲ್ಲಿ, ಅಂದರೆ ದಾರಿಯ ನಡುವಿನಲ್ಲಿ. ಈ ತುದಿಯಿಂದ ಆ ತುದಿಗೇ ಹೋಗಬೇಕು ಅಂತೇನೂ ಇಲ್ಲ. ಹಿಂದೆ ಮುಂದೆ ಮಾಡಿಕೊಂಡು ನಡೆದರೆ, ಚಳಿಗೆ ಮೊದಲು ಕಟಾಡಿನ್ ಹತ್ತಬೇಕು ಅನ್ನುವ ಅವಸರ ಇರುವುದಿಲ್ಲ. ಈ ದಾರಿಯನ್ನು ನೋಡಿಕೊಳ್ಳುವ ಸಂಸ್ಥೆ ಅಪಲೇಚಿಯನ್ ಟ್ರೇಲ್ ಕನ್ಸರ್ವೆನ್ಸಿಯವರೂ ಪೂರ್ತಿ ನಡೆದವರ ಪಟ್ಟಿ ಮಾಡುವಾಗ ಒಂದೇ ಸಲವಾ, ವರ್ಷಗಟ್ಟಲೆ ತುಂಡು ತುಂಡಾಗಿಯಾ ಅಂತ ಭೇದ ಮಾಡುವುದಿಲ್ಲ.

ಮಹಾಂತೇಶ, ಬಾಗಲಕೋಟೆ

ವನಜಾ ಅಕ್ಕಾರ, ನಾನು ಅಮೆರಿಕ ನೋಡಿಲ್ಲ. ಆದರೆ ನೀವು ಬರೆದ ಆ ತಾಯಿಯ ನಡಿಗೆ ನನಗೆ ಗೊತ್ತು. ಯುಗಾದಿಗೆ ನಮ್ಮ ಕಡೆಯಿಂದ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ ಹೋಗುತ್ತಾರಲ್ಲ, ಅಲ್ಲಿ ಎಪ್ಪತ್ತು ದಾಟಿದ ಹೆಣ್ಣುಮಕ್ಕಳು ಬೇಕಾದಷ್ಟು. ನಾನು ನಮ್ಮ ಕಾಕು ಜೊತೆ ಹೋಗಿದ್ದೆ.

ಕಾಕು ನಸುಕಿನ ಮೂರಕ್ಕೇ ಎದ್ದು ಹೊರಡುತ್ತಿದ್ದರು. ಬಿಸಿಲು ಏರಿದರೆ ಮುಗಿಯಿತು, ಎಷ್ಟೇ ಕರೆದರೂ ಗಿಡದ ನೆರಳು ಬಿಟ್ಟು ಏಳುವುದಿಲ್ಲ. ಮತ್ತೆ ನಡಿಗೆ ಹೊತ್ತು ಇಳಿದ ಮೇಲೆ. ದಾರಿಯುದ್ದಕ್ಕೂ ದಾಸೋಹ ಇರುತ್ತದೆ, ಕರೆದು ಕರೆದು ಉಣ್ಣಿಸುತ್ತಾರೆ. ನಾವು ಹರೆಯದವರು ಹೊಟ್ಟೆ ತುಂಬ ಉಂಡು ಭಾರವಾಗಿ ನಡೆದರೆ, ಕಾಕು ಅರ್ಧ ರೊಟ್ಟಿ, ಮಜ್ಜಿಗೆ ಅಷ್ಟೆ. ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕದೆ ಮಲಗಿದ್ದೇ ಇಲ್ಲ. ಗಂಟಿನಲ್ಲಿ ಒಂದು ಸೀರೆ, ಒಂದು ಹೊದಿಕೆ, ಅಮ್ಮನವರಿಗೆ ಒಯ್ಯುವ ಕುಪ್ಪಸ.

ಆತ್ಮಕೂರು ದಾಟಿದರೆ ನಲ್ಲಮಲ ಕಾಡು. ಕೊನೆಗೆ ಭೀಮನ ಕೊಳ್ಳಕ್ಕೆ ಇಳಿದು ಕೈಲಾಸ ಬಾಗಿಲಿಗೆ ಏರಬೇಕು. ಅದೇ ಕಠಿಣ. ಅಲ್ಲಿ ಕಾಕು ಮೆಟ್ಟಿಲಿಗೊಮ್ಮೆ "ಮಲ್ಲಯ್ಯಾ" ಅನ್ನುತ್ತಿದ್ದರು. ಆಗ ಭಕ್ತಿ ಅಂತ ತಿಳಿದಿದ್ದೆ. ನೀವು ಉಸಿರಿನ ಮಾತು ಬರೆದ ಮೇಲೆ ಅನ್ನಿಸುತ್ತಿದೆ, ಆ ಕೂಗಿಗೆ ಉಸಿರು ಸಾಕಾಗುವಷ್ಟೇ ವೇಗದಲ್ಲಿ ಅವರು ಏರುತ್ತಿದ್ದರು. ಭಕ್ತಿಯಂತೂ ಇದ್ದೇ ಇತ್ತು.

ಶೈಲಾ, ಮೈಸೂರು

ನಾನು ಫಿಸಿಯೋಥೆರಪಿಸ್ಟ್. ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ದಾರಿಯಲ್ಲಿ ಸಿಗುವವರು ದಾರಿಗೆ ಬರಲು ಆದವರು. ಆಗದೆ ಮನೆಯಲ್ಲಿ ಉಳಿದವರು ನಿಮಗೆ ಸಿಗುವುದಿಲ್ಲ, ಅವರು ನನ್ನ ಹತ್ತಿರ ಬರುತ್ತಾರೆ. ಅವರಲ್ಲಿ ಛಲ ಕಡಿಮೆ ಇತ್ತು ಅಂತ ಯಾರೂ ತಿಳಿಯಬಾರದು.

ಇಳಿಯುವಾಗ ಮೈಭಾರವನ್ನು ತಡೆದು ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೋತರೆ ಪೆಟ್ಟು ಮಂಡಿಗೆ. ಮನೆಯಲ್ಲಿ ಒಂದು ತಗ್ಗಿನ ಮೆಟ್ಟಿಲ ಮೇಲೆ ನಿಂತು, ಗೋಡೆ ಹಿಡಿದುಕೊಂಡು, ಒಂದು ಕಾಲನ್ನು ನಿಧಾನವಾಗಿ ನೆಲಕ್ಕೆ ಇಳಿಸಿ ಮತ್ತೆ ಮೇಲೆ ತನ್ನಿ. ನಿಧಾನ ಅನ್ನುವುದೇ ಮುಖ್ಯ. ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ನಡೆದ ಮರುದಿನವೂ ಮಂಡಿ ಊದಿದ್ದರೆ ಆ ದೂರ ನಿಮಗೆ ಸದ್ಯಕ್ಕೆ ಜಾಸ್ತಿ ಅಂತ ಅರ್ಥ. ಕಡಿಮೆ ಮಾಡಿ.

ವನಜಾ, ಅರಸೀಕೆರೆ (ಈಗ ವರ್ಜೀನಿಯಾ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶೈಲಾ ಅವರೇ, ಬೇಜಾರೇನಿಲ್ಲ. ನನ್ನ ಅಕ್ಕನೂ ಹಾಗೆ ಮನೆಯಲ್ಲಿ ಉಳಿದವಳು. ನನಗಿಂತ ಹತ್ತು ಪಟ್ಟು ಧೈರ್ಯವಂತೆ. ಮೆಟ್ಟಿಲ ವ್ಯಾಯಾಮ ಡಾಕ್ಟರನ್ನು ಕೇಳಿ ಶುರು ಮಾಡುತ್ತೇನೆ.

ಮಹಾಂತೇಶ, ನಿಮ್ಮ ಕಾಕುಗೆ ನನ್ನ ನಮಸ್ಕಾರ ಹೇಳಿ. ಅರ್ಧ ರೊಟ್ಟಿಯ ವಿಷಯ ನಾನು ಮರೆಯುವುದಿಲ್ಲ.

ರಾಘವೇಂದ್ರ ಅವರೇ, ನೀವು ಹೇಳಿದ ಹಾಗೆ ತುಂಡು ತುಂಡೇ ಸರಿ. ಅಕ್ಟೋಬರ್‌ನಲ್ಲಿ ಶೆನಂಡೋವಾದ ದಕ್ಷಿಣ ಭಾಗ ಮಾಡೋಣ ಅಂತಿದ್ದೇನೆ. ಸ್ಕೈಲೈನ್ ಡ್ರೈವ್ ರಸ್ತೆ ಟ್ರೇಲನ್ನು ಪದೇ ಪದೇ ದಾಟುತ್ತದಲ್ಲ, ನಮ್ಮ ಯಜಮಾನರು ಬೆಳಿಗ್ಗೆ ಒಂದು ಕಡೆ ಬಿಟ್ಟು ಮಧ್ಯಾಹ್ನ ಇನ್ನೊಂದು ಕಡೆ ಕರೆದುಕೊಳ್ಳುತ್ತಾರೆ. ದೊಡ್ಡ ಬ್ಯಾಗ್ ಕಾರಿನಲ್ಲೇ ಇರುತ್ತದೆ. ಅವರಿಗೆ 62 ತುಂಬಿತು, ನ್ಯಾಷನಲ್ ಪಾರ್ಕ್‌ಗಳ 80 ಡಾಲರಿನ ಹಿರಿಯರ ಪಾಸ್ ಮಾಡಿಸಿದ್ದೇವೆ. ಜೀವನಪೂರ್ತಿ ನಡೆಯುತ್ತದೆ, ಕಾರಿನಲ್ಲಿ ಜೊತೆಗಿರುವವರಿಗೂ ಆಗುತ್ತದೆ. ಇಲ್ಲಿರುವ ಹಿರಿಯರು ಯಾರಾದರೂ ಇನ್ನೂ ಮಾಡಿಸದಿದ್ದರೆ ಮಾಡಿಸಿಕೊಳ್ಳಿ. ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಕೊಡುತ್ತಾರೆ.

ಇನ್ನೊಂದೇ ಪ್ರಶ್ನೆ. ಅಕ್ಟೋಬರ್ ಹೊತ್ತಿಗೆ ಅಲ್ಲಿನ ಒರತೆಗಳಲ್ಲಿ ನೀರು ಕಡಿಮೆ ಆಗಿರುತ್ತದಾ? ಲಾಫ್ಟ್ ಮೌಂಟನ್‌ನಿಂದ ದಕ್ಷಿಣಕ್ಕೆ ಆ ತಿಂಗಳಲ್ಲಿ ನಡೆದವರು ಯಾರಾದರೂ ಇದ್ದರೆ, ದಿನಕ್ಕೆ ಎಷ್ಟು ಲೀಟರ್ ಹೊತ್ತುಕೊಂಡಿರಿ ಹೇಳಿ. ಅದರ ಮೇಲೆ ದಿನಕ್ಕೆ ಎಷ್ಟು ಮೈಲಿ ಅಂತ ಲೆಕ್ಕ ಹಾಕುತ್ತೇನೆ.