ಸಹಾಯ ಬೇಕು: ಹಳೆಯ ಪೈರೆಕ್ಸ್ ಬೋಗುಣಿಗಳ ಹೊರಬಣ್ಣದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ನೆಲೆಸಿದ್ದ ನಮ್ಮ ದೊಡ್ಡಮ್ಮನವರು ಬಳಸುತ್ತಿದ್ದ ನಾಲ್ಕು ಪೈರೆಕ್ಸ್ (ಗಾಜಿನ ಅಡುಗೆ ಪಾತ್ರೆಗಳ ಒಂದು ಬ್ರಾಂಡ್) ಬೋಗುಣಿಗಳು ಈಗ ಬೆಂಗಳೂರಿನ ನಮ್ಮ ಮನೆಯಲ್ಲಿವೆ. ಕಾರ್ನಿಂಗ್ ಕಂಪನಿಯು 1940ರ ದಶಕದಲ್ಲಿ ಮಾರುಕಟ್ಟೆಗೆ ತಂದ ಮಾದರಿಯವು. ಒಳಗೆಲ್ಲ ಬಿಳಿ ಗಾಜು, ಹೊರಗೆ ಮಾತ್ರ ಬಣ್ಣ. ಎಲ್ಲಕ್ಕಿಂತ ದೊಡ್ಡದು ಹಳದಿ, ಆಮೇಲೆ ಹಸಿರು, ಕೆಂಪು, ಚಿಕ್ಕದು ನೀಲಿ. ಇವುಗಳನ್ನು ಶೋಕೇಸಿನಲ್ಲಿಟ್ಟು ಧೂಳು ಒರೆಸುವುದಕ್ಕಿಂತ ಮೊಸರು ಹೆಪ್ಪು ಹಾಕಲು, ಕೋಸಂಬರಿ ಕಲಸಲು ಬಳಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಕೆಂಪು ಬೋಗುಣಿಯ ಹೊರಮೈ ಹೊಳಪು ಕಳೆದುಕೊಂಡು, ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವು ಪುಡಿಯಾಗಿ ಕೈಗೆ ಅಂಟುತ್ತಿದೆ. ಹಳೆಯ ಗಾಜಿನ ಪಾತ್ರೆಗಳ ಬಣ್ಣದಲ್ಲಿ ಸೀಸ ಇರುವುದುಂಟಾದ್ದರಿಂದ, ಮಕ್ಕಳಿರುವ ಮನೆಯಲ್ಲಿ ಇದು ಕಡೆಗಣಿಸುವ ಸಂಗತಿಯಲ್ಲ. ಪಾತ್ರೆಗೆ ಹಾನಿಯಾಗದಂತೆ ಇದನ್ನು ಪರೀಕ್ಷಿಸಿಕೊಡುವ ಪ್ರಯೋಗಾಲಯ ಬೆಂಗಳೂರಿನಲ್ಲಿದ್ದರೆ, ಅಂದಾಜು ಖರ್ಚಿನೊಂದಿಗೆ ದಯವಿಟ್ಟು ತಿಳಿಸಿ.