ಪದಚರ್ಚೆ: ‘ಕ್ರೂನರ್’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ನಮ್ಮ ಸಿನಿಮಾ ಕೂಟದಲ್ಲಿ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ತೋರಿಸುತ್ತಿದ್ದೇವೆ. ಬರುವವರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಪರಿಚಯ ಬರೆಯುವ ಕೆಲಸ ನನ್ನದು. ಕಥೆಯ ಭಾಗ ಬೇಗ ಮುಗಿಯಿತು. ನೋರಾ ಎಫ್ರಾನ್ ಬರೆದು ರಾಬ್ ರೈನರ್ ನಿರ್ದೇಶಿಸಿದ 1989ರ ಚಿತ್ರ. ಗಂಡು ಹೆಣ್ಣು ಬರೀ ಸ್ನೇಹಿತರಾಗಿ ಇರೋಕೆ ಆಗುತ್ತಾ ಅನ್ನುವ ಇಬ್ಬರ ವಾದ ಹನ್ನೆರಡು ವರ್ಷ ನಡೆಯುತ್ತದೆ. ನಾನು ನಿಂತುಬಿಟ್ಟಿರುವುದು ಹಾಡುಗಳ ಪ್ಯಾರಾದಲ್ಲಿ. ಆ ಚಿತ್ರದ ಜೀವ ಇರುವುದೇ ಅಲ್ಲಿ, ಹಾಗಾಗಿ ಸುಮ್ನೆ ‘ಮಧುರ ಗೀತೆಗಳು’ ಅಂತ ಬರೆದು ಮುಗಿಸಲು ಮನಸ್ಸಿಲ್ಲ.

ಮೈಕಿನ ಹತ್ತಿರ ನಿಂತು, ಕೇಳುವ ಒಬ್ಬರಿಗೇ ಹೇಳುವ ಹಾಗೆ ಮೆಲ್ಲಗೆ ಹಾಡುವ ಆ ಬಗೆಗೆ ಇಂಗ್ಲಿಷಿನಲ್ಲಿ ಕ್ರೂನಿಂಗ್ ಅಂತಾರೆ. ಹಾಗೆ ಹಾಡುವವನು ಕ್ರೂನರ್. ಇದಕ್ಕೆ ಕನ್ನಡದಲ್ಲಿ ನೀವು ಏನಂತೀರಿ? ಇದರ ಜೊತೆ ಇನ್ನೆರಡು ಪ್ರಶ್ನೆಗಳಿವೆ, ಆಮೇಲೆ ಕೇಳುತ್ತೇನೆ.

ಮೊದಲು ಹೊಳೆಯುವ ಪದ ‘ಗುನುಗು’. ನನಗೆ ಅದು ಕೂಡಿಬರುತ್ತಿಲ್ಲ. ನಾವು ಗುನುಗುವುದು ನಮ್ಮ ಪಾಡಿಗೆ, ಪಾತ್ರೆ ತೊಳೆಯುತ್ತಲೋ ಸ್ಕೂಟರ್ ಓಡಿಸುತ್ತಲೋ. ಸಾಹಿತ್ಯ ಅರ್ಧ ಮರೆತಿದ್ದರೂ ನಡೆಯುತ್ತದೆ. ಯಾರಾದರೂ ಕೇಳಿಸಿಕೊಂಡರೆ ನಿಲ್ಲಿಸಿಬಿಡುತ್ತೇವೆ, ಅಲ್ವಾ? ಕ್ರೂನರ್‌ಗೆ ಕೇಳುವ ಒಬ್ಬರು ಬೇಕೇ ಬೇಕು. ಅವನ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ‘ಪಿಸುದನಿ’ಯೂ ಆಗುವುದಿಲ್ಲ. ಪಿಸುಮಾತಿನಲ್ಲಿ ಬರೀ ಉಸಿರಿರುತ್ತದೆ, ಇಲ್ಲಿ ದನಿ ತುಂಬಿಕೊಂಡಿದೆ.

ಈ ಬಗೆಯ ಹಾಡು ಎಲ್ಲಿಂದ ಬಂತು ಎಂದು ನೋಡಿದರೆ ಪದದ ಅರ್ಥ ಇನ್ನೂ ತಿಳಿಯಾಗುತ್ತದೆ. 1925ರಲ್ಲಿ ಮೈಕ್ ಮೂಲಕ ರೆಕಾರ್ಡಿಂಗ್ ಶುರುವಾಗುವವರೆಗೆ ಹಾಡುವವರು ಕಹಳೆಯಂಥ ಒಂದು ಕೊಳವೆಯ ಬಾಯಿಗೆ ಹಾಡಬೇಕಿತ್ತು. ದನಿಯ ಬಲದಿಂದಲೇ ಸೂಜಿ ಅದುರಿ ಮೇಣದ ಮೇಲೆ ಗೀರು ಮೂಡಬೇಕು. ಮೆಲ್ಲಗೆ ಹಾಡಿದರೆ ಸರಿಯಾಗಿ ಮೂಡುತ್ತಿರಲಿಲ್ಲ. ರಂಗದ ಮೇಲೂ ಅದೇ ಪಾಡು. ನಮ್ಮ ಕಂಪನಿ ನಾಟಕದ ನಟರು ಏರುದನಿಯಲ್ಲಿ ಹಾಡುತ್ತಿದ್ದುದೂ ಕೊನೆಯ ಸಾಲಿನವರಿಗೆ ಕೇಳಿಸಲೆಂದೇ. ಮೈಕ್ ಬಂದ ಮೇಲೆ ಆ ಕಷ್ಟ ತಪ್ಪಿತು. ರೂಡಿ ವ್ಯಾಲಿ, ಬಿಂಗ್ ಕ್ರಾಸ್ಬಿ ಥರದ ಅಮೆರಿಕದ ಗಾಯಕರು ಮಾತಾಡುವಷ್ಟೇ ದನಿಯಲ್ಲಿ ಹಾಡಿದರು, ರೇಡಿಯೊ ಆ ದನಿಯನ್ನು ಮನೆಮನೆಯೊಳಗೆ ತಂದಿತು. ಗುರುತಿಲ್ಲದ ಗಂಡಸೊಬ್ಬ ಪಕ್ಕದಲ್ಲೇ ಕೂತು ಹಾಡಿದ ಹಾಗೆ ಅನ್ನಿಸಿ ಹಲವರಿಗೆ ಇರುಸುಮುರುಸಾಯಿತು. 1932ರಲ್ಲಿ ಬಾಸ್ಟನ್ನಿನ ಕ್ಯಾಥೊಲಿಕ್ ಹಿರಿಯ ಧರ್ಮಗುರು ಕಾರ್ಡಿನಲ್ ಓಕಾನೆಲ್ ಕ್ರೂನಿಂಗ್ ಕೀಳು ಅಭಿರುಚಿ ಎಂದು ಬಹಿರಂಗವಾಗಿಯೇ ಖಂಡಿಸಿದರು. ಆಗ ಕ್ರೂನರ್ ಅನ್ನುವುದು ಹೊಗಳಿಕೆ ಆಗಿರಲಿಲ್ಲ, ಹೀಗಳಿಕೆ.

ಅಂದರೆ ಮೈಕ್ ಇಲ್ಲದೆ ಕ್ರೂನರ್ ಇಲ್ಲ. ಆದರೆ ಕನ್ನಡದಲ್ಲಿ ‘ಮೈಕು’ ಅಂದ ತಕ್ಷಣ ಗಣೇಶನ ಪೆಂಡಾಲು, ಚುನಾವಣೆಯ ಆಟೊ ನೆನಪಾಗುತ್ತವೆ. ‘ಅವನ ಬಾಯಿ ಒಂದು ಮೈಕು’ ಅಂತ ನಾವು ಹೇಳುವುದು ಜೋರಾಗಿ ಮಾತಾಡುವವನಿಗೆ. ಹಾಗಾಗಿ ಪರಿಚಯದಲ್ಲಿ ‘ಮೈಕಿನಿಂದ ಹುಟ್ಟಿದ ಹಾಡು’ ಅಂತ ಬರೆದರೆ ಓದುವವರ ಕಿವಿಗೆ ತೀರಾ ಉಲ್ಟಾ ಚಿತ್ರ ಬರುತ್ತದೆ.

ನಮ್ಮಲ್ಲಿ ಈ ಬಗೆಗೆ ತೀರ ಹತ್ತಿರದವರು ಯಾರು ಎಂದು ಯೋಚಿಸಿದೆ. ಪಿ.ಬಿ. ಶ್ರೀನಿವಾಸ್ ಬಿಟ್ಟರೆ ಬೇರೆ ಹೆಸರು ಹೊಳೆಯಲಿಲ್ಲ. ರಾಜ್‌ಕುಮಾರ್ ಅವರಿಗೆ ಹಾಡುತ್ತಿದ್ದ ಕಾಲದ ಅವರ ಹಾಡುಗಳನ್ನು ಕೇಳಿ. ದನಿ ಕೆಳಗೆ ಮಂದ್ರದಲ್ಲಿ ಹಾಯಾಗಿ ಇಳಿಯುತ್ತದೆ. ಮೇಲೆ ಹೋಗುವಾಗಲೂ ಒತ್ತಡ ಕಾಣುವುದಿಲ್ಲ. ಒಂದು ಸಾಲಿನ ಕೊನೆಯನ್ನು ಅವರು ಮೆಲ್ಲಗೆ ಇಟ್ಟು ಬಿಡುತ್ತಾರೆ. ಅವರ ದನಿಯನ್ನು ನಾವು ಹೇಗೆ ಹೊಗಳುತ್ತೇವೆ? ಇನಿದನಿ, ಜೇನುದನಿ, ಮಧುರ ಕಂಠ. ಎಲ್ಲವೂ ದನಿ ಎಷ್ಟು ಸಿಹಿ ಎಂದು ಹೇಳುವ ಪದಗಳು. ದನಿ ಎಷ್ಟು ಹತ್ತಿರ ಎಂದು ಹೇಳುವ ಪದ ನನಗೆ ಸಿಗುತ್ತಿಲ್ಲ, ಕ್ರೂನರ್ ಪದದಲ್ಲಿ ಇರುವುದೇ ಅದು. ‘ಆಪ್ತ’ ಅನ್ನುವುದರಲ್ಲಿ ಆ ಹತ್ತಿರ ಇದೆ. ಆದರೆ ‘ಆಪ್ತಗಾಯಕ’ ಎಂದರೆ ಆಪ್ತ ಸಹಾಯಕ, ಆಪ್ತ ಸಮಾಲೋಚಕರ ಸಾಲಿಗೆ ಸೇರಿ ಅದೊಂದು ಹುದ್ದೆಯ ಹೆಸರಾಗುತ್ತದೆ. ‘ಉಲಿ’ ತುಂಬಾ ಚೆಂದದ ಹಳೆಯ ಪದ. ಅದನ್ನೂ ಬಿಟ್ಟುಕೊಡಬೇಕಾಗಿದೆ. ಸಿನಿಮಾ ಪುಟಗಳಲ್ಲಿ ‘ಎಂದು ನಟಿ ಉಲಿದರು’ ಅಂತ ಬರೆದೂ ಬರೆದೂ ಅದಕ್ಕೆ ಒಂದು ವಯ್ಯಾರ ಅಂಟಿಕೊಂಡಿದೆ.

ಮೂಲದಲ್ಲಿ ಕ್ರೂನ್ ಪದಕ್ಕೆ ಈ ನಯ ಇರಲೇ ಇಲ್ಲ. ಅದು ಸ್ಕಾಟ್ ನುಡಿಯ ಪದ, ಹಿಂದಕ್ಕೆ ಹೋದರೆ ಹಳೆಯ ಡಚ್ಚಿನಲ್ಲಿ ಗೋಳಿಡು, ನರಳು ಎಂಬ ಅರ್ಥದ ಪದದ ನಂಟು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಅದನ್ನು ಎರಡು ಬಗೆಯಲ್ಲಿ ಬಳಸಿದ್ದಾನೆ. ‘ಟ್ಯಾಮ್ ಓ ಶಾಂಟರ್’ ಪದ್ಯದಲ್ಲಿ ಮಳೆಗಾಳಿಯ ರಾತ್ರಿ ಕುದುರೆ ಏರಿ ಮನೆಗೆ ಹೊರಟ ಕುಡುಕ ಹಳೆಯ ಹಾಡೊಂದನ್ನು ಕ್ರೂನ್ ಮಾಡುತ್ತಾ ಹೋಗುತ್ತಾನೆ. ‘ಹ್ಯಾಲೊವೀನ್’ ಪದ್ಯದಲ್ಲಿ ಕತ್ತಲಲ್ಲಿ ಕ್ರೂನ್ ಅಂತ ದನಿ ಮಾಡುವುದು ದೆವ್ವವೋ ಹೊರಗೆ ಉಳಿದ ಕಡಸೋ ಗೊತ್ತಾಗುವುದಿಲ್ಲ. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ‘ಮೊರೆ’. ದುಂಬಿ ಮೊರೆಯುತ್ತದೆ, ಕಡಲೂ ಮೊರೆಯುತ್ತದೆ, ಕಷ್ಟ ಬಂದವರು ದೇವರಿಗೆ ಮೊರೆಯಿಡುತ್ತಾರೆ. ಗುಂಯ್‌ಗುಡುವುದು, ಅಬ್ಬರಿಸುವುದು, ಗೋಳಿಡುವುದು, ಮೂರೂ ಒಂದೇ ಪದದಲ್ಲಿ! ಎರಡು ನುಡಿಗಳಿಗೆ ಯಾವ ನಂಟೂ ಇಲ್ಲ, ಆದರೂ ಅರ್ಥ ಒಂದೇ ದಾರಿಯಲ್ಲಿ ಹರಡಿಕೊಂಡಿದೆ. ಹಾಗಂತ ಹೆಸರಾಂತ ಕ್ರೂನರ್ ಫ್ರಾಂಕ್ ಸಿನಾತ್ರನನ್ನು ‘ಮೊರೆಗಾರ’ ಅನ್ನಲು ಬರುವುದಿಲ್ಲ. ಇಂಗ್ಲಿಷಿನ ಪದ ಮೈಕಿನ ಮುಂದೆ ಬಂದು ಮೆತ್ತಗಾಯಿತು, ನಮ್ಮದು ಕಡಲ ಹತ್ತಿರವೇ ಉಳಿಯಿತು.

ಅದೇ ಬರ್ನ್ಸ್‌ನ ಇನ್ನೊಂದು ಹಾಡು ಈ ಚಿತ್ರದ ಕೊನೆಯಲ್ಲೂ ಇದೆ. ಹೊಸ ವರ್ಷದ ರಾತ್ರಿ ಎಲ್ಲರೂ ‘ಆಲ್ಡ್ ಲ್ಯಾಂಗ್ ಸೈನ್’ ಹಾಡುವಾಗ ಹ್ಯಾರಿ ಇದರ ಅರ್ಥ ಏನು, ಹಳೆಯ ಗೆಳೆಯರನ್ನು ಮರೆಯಬೇಕು ಅಂತಲೋ, ಮರೆತಿದ್ದರೆ ನೆನೆಯಬೇಕು ಅಂತಲೋ ಎಂದು ಸ್ಯಾಲಿಯನ್ನು ಕೇಳುತ್ತಾನೆ. ಪದಚರ್ಚೆಯಲ್ಲಿ ಮುಗಿಯುವ ಪ್ರೇಮಕಥೆ ನನಗೆ ಬೇರೆ ಗೊತ್ತಿಲ್ಲ.

ಸದ್ಯಕ್ಕೆ ನನ್ನ ಒಲವು ಹೀಗಿದೆ: ಗಜಲ್, ಕವ್ವಾಲಿ ಬಂದ ಹಾಗೆ ‘ಕ್ರೂನರ್’ ಕೂಡ ಹಾಗೇ ಬರಲಿ. ಹಾಡುವ ಬಗೆಗೆ ಮಾತ್ರ ‘ಮೆಲುಹಾಡು’ ಅನ್ನೋಣ. ಇದಕ್ಕಿಂತ ಒಳ್ಳೆಯದು ಇದ್ದರೆ ಖಂಡಿತ ಹೇಳಿ. ಒಂದು ಎಚ್ಚರಿಕೆ, ಇಂಥ ಚಿತ್ರಗಳ ಹಳೆಯ ಹಾಡೆಲ್ಲ ಮೆಲುಹಾಡಲ್ಲ. ಎಫ್ರಾನ್ ಅವರದೇ ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ನಲ್ಲಿ (1993) ಕೇಳಿಬರುವ ಗಾಯಕರಲ್ಲಿ ನ್ಯಾಟ್ ಕಿಂಗ್ ಕೋಲ್ ಕ್ರೂನರ್ ಸರಿ. ಜಿಮ್ಮಿ ಡ್ಯುರಾಂಟಿಯದು ಒಡಕು ದನಿ, ಅವನನ್ನು ಇದರಲ್ಲಿ ಸೇರಿಸಲಾಗದು.

ಎರಡನೆಯ ಪ್ರಶ್ನೆ ಚಿಕ್ಕದು. ನಾಸ್ಟಾಲ್ಜಿಯಾಕ್ಕೆ ‘ಹಳಹಳಿಕೆ’ ಅಂತ ಬರೆಯುವುದು ಈಗ ರೂಢಿ. ಆದರೆ ಹಳಹಳಿಸುವುದು ನಾವೇ ಕಳೆದುಕೊಂಡದ್ದಕ್ಕೆ, ಅದರಲ್ಲಿ ‘ಅಯ್ಯೋ’ ಇದೆ. ಈ ಚಿತ್ರದ ಆಲ್ಬಂನಲ್ಲಿ ಹಾಡಿದ ಹ್ಯಾರಿ ಕಾನಿಕ್ ಜೂನಿಯರ್ ಹುಟ್ಟಿದ್ದು 1967ರಲ್ಲಿ. ಅದರಲ್ಲಿ ಅವನು ಹಾಡಿದ ‘ಇಟ್ ಹ್ಯಾಡ್ ಟು ಬಿ ಯು’ 1924ರ ಹಾಡು. ಇಪ್ಪತ್ತೊಂದರ ಹುಡುಗ ತಾನು ಬದುಕಿಯೇ ಇರದ ಕಾಲವನ್ನು ಹಂಬಲಿಸಿ ಹಾಡುತ್ತಾನೆ, ಅದಕ್ಕೆ ಗ್ರ್ಯಾಮಿ ಕೂಡ ಬರುತ್ತದೆ. ಇದನ್ನು ಹಳಹಳಿಕೆ ಅನ್ನಬಹುದೇ? ‘ಹಳೆಗಾಲದ ಹಂಬಲ’ ಸಾಕೇ?

ಮೂರನೆಯದು ನನ್ನನ್ನು ಜಾಸ್ತಿ ಕಾಡುತ್ತಿರುವುದು, ‘ಇಟ್ ಹ್ಯಾಡ್ ಟು ಬಿ ಯು’ ಅನ್ನುವ ಆ ಹಾಡಿನ ಹೆಸರೇ. ಕೊನೆಗೆ ಹ್ಯಾರಿ ಸ್ಯಾಲಿಯ ಕಡೆಗೆ ಓಡುವಾಗ ಸಿನಾತ್ರ ಹಾಡುವುದೂ ಇದನ್ನೇ, ಹಾಗಾಗಿ ಹೆಸರನ್ನು ಕನ್ನಡದಲ್ಲಿ ಹೇಳದೆ ಬಿಡುವ ಹಾಗಿಲ್ಲ. ‘ನೀನೇ ಆಗಬೇಕಿತ್ತು’ ಎಂದು ಬರೆದೆ, ಓದಿ ಗಾಬರಿಯಾಯಿತು. ‘ನೀನು ನಿನ್ನೆ ಬರಬೇಕಿತ್ತು’ ಅಂದರೆ ಬರಲಿಲ್ಲ ಅಂತ ಅರ್ಥ. ಹಾಗೇ ‘ನೀನೇ ಆಗಬೇಕಿತ್ತು’ ಅಂದರೆ ಬೇರೆ ಯಾರೋ ಆದರು ಅಂತ! ಸುಖಾಂತ್ಯದ ಹಾಡು ವಿರಹದ ಹಾಡಾಗುತ್ತದೆ. ‘ನೀನೇ ಆಗಬೇಕಾಯಿತು’ ಅಂದರೆ ಬೇರೆ ದಾರಿ ಇರಲಿಲ್ಲ ಅನ್ನುವ ಬೇಸರ. ‘ನೀನಲ್ಲದೆ ಇನ್ಯಾರು’ ಕೇಳಲು ಹಿತವಾಗಿದೆ, ಆದರೆ ಹಿಂದೆಯೇ ನಿಶ್ಚಯವಾಗಿತ್ತು ಅನ್ನುವ ಭಾವ ಅದರಲ್ಲಿ ಇಲ್ಲ. ಹಾಡಿನಲ್ಲಿ ಅವನು ಅವಳ ಕುಂದುಕೊರತೆಗಳನ್ನೂ ಹೇಳಿ, ಆದರೂ ಅವಳೇ ಅನ್ನುತ್ತಾನೆ. ಅದೂ ಬರಬೇಕು.

ಮದುವೆ ಮಾತು ಬಂದಾಗ ನಮ್ಮ ಮನೆಯ ಹಿರಿಯರು ‘ಅವನಿಗೆ ಅವಳೇ ಅಂತ ಇತ್ತು’ ಅನ್ನುತ್ತಾರೆ. ಚಿತ್ರದ ನಡುನಡುವೆ ಮುದಿ ಜೋಡಿಗಳು ಸೋಫಾದ ಮೇಲೆ ಕೂತು ತಾವು ಹೇಗೆ ಸೇರಿದೆವು ಎಂದು ಹೇಳುವ ತುಣುಕುಗಳಿವೆ. ಅವರ ಬಾಯಲ್ಲಿ ಈ ಮಾತು ಸಲೀಸಾಗಿ ಕೂರುತ್ತದೆ. ಅದಕ್ಕೇ ‘ನೀನೇ ಅಂತ ಇತ್ತು’ ಎಂದು ಬರೆದಿಟ್ಟಿದ್ದೇನೆ. ಇದು ನಮ್ಮ ಹಳೆ ಮೈಸೂರು ಕಡೆಯ ಮಾತು ಮಾತ್ರವೋ, ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರಿಗೂ ತಕ್ಷಣ ಅರ್ಥವಾಗುತ್ತದೋ? ನಿಮ್ಮ ಕಡೆ ಇದನ್ನು ಹೇಗೆ ಹೇಳುತ್ತಾರೆ ಎಂದು ತಿಳಿಸಿ. ನಮ್ಮ ಕೂಟಕ್ಕೆ ಎಲ್ಲ ಕಡೆಯವರೂ ಬರುತ್ತಾರೆ.