ಸಹಾಯ ಬೇಕು: ನಾಲೆ ಏರಿಯ ಮೇಲೆ ಸೈಕಲ್ ದಾರಿ

ನಮಸ್ಕಾರ. ಮೈಸೂರಿನಿಂದ ಹೊರಟು ಮಂಡ್ಯ ಕಡೆಯ ನಾಲೆಗಳ ಪಕ್ಕದಲ್ಲೇ ಒಂದು ದಿನ ಸೈಕಲ್ ತುಳಿಯಬೇಕೆಂದಿದ್ದೇನೆ. ಜೊತೆಗೆ ಬರುವವರು ನಮ್ಮ ಭಾವ. 58 ವರ್ಷ, ಲಾರಿಯ ಹಾರನ್ ಕೇಳಿದರೆ ಇಳಿದೇ ನಿಲ್ಲುತ್ತಾರೆ. ದೂರ ಹೆಚ್ಚಾದರೂ ಚಿಂತೆಯಿಲ್ಲ, ವಾಹನ ಕಡಿಮೆಯಿರಬೇಕು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕನ್ನೇ ಬಿಡುತ್ತಿಲ್ಲ, ಇನ್ನು ಸೈಕಲ್ ಮಾತೆಲ್ಲಿ? ಸರ್ವಿಸ್ ರಸ್ತೆಯಲ್ಲಿ ಬಸ್ಸುಗಳ ಜೊತೆ ಗುದ್ದಾಡಲು ನನಗೂ ಮನಸ್ಸಿಲ್ಲ.

ಕಳೆದ ಭಾನುವಾರ ಒಬ್ಬನೇ ಹೋಗಿ ಶ್ರೀರಂಗಪಟ್ಟಣದ ಹತ್ತಿರ ಒಂದು ನಾಲೆಯ ಏರಿ ಹಿಡಿದೆ. ಎರಡು ಕಿಲೋಮೀಟರ್ ಹೋದದ್ದೇ ತಿಳಿಯಲಿಲ್ಲ: ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಆಗಷ್ಟೇ ನಾಟಿಯಾದ ಗದ್ದೆ, ಸೋಪಾನದ ಬಳಿ ಬಟ್ಟೆ ಒಗೆಯುವ ಸದ್ದು ಬಿಟ್ಟರೆ ಮೌನ. ಆಮೇಲೆ ಡಾಂಬರು ಮುಗಿದು ಕೆಸರು. ಮಡ್‌ಗಾರ್ಡಿನೊಳಗೆ ಜೇಡಿಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗಲಿಲ್ಲ. ಕಬ್ಬಿನ ಜಲ್ಲೆಯ ತುಂಡಿನಿಂದ ಕೆರೆದು ಕೆರೆದು ವಾಪಸು ಬಂದೆ.

ಬಲ್ಲವರು ತಿಳಿಸಿ. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿದ ಮೇಲೆ ಏರಿಯ ಡಾಂಬರು ಎಲ್ಲಿಯವರೆಗೆ ಚೆನ್ನಾಗಿದೆ? ತಡೆಗೋಡೆ ಇಲ್ಲದ ತಿರುವುಗಳು ಎಲ್ಲೆಲ್ಲಿ? (ಭಾವನವರಿಗೆ ಈಜು ಬಾರದು. ನನ್ನದೂ ಅಷ್ಟಕ್ಕಷ್ಟೆ.) ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಡೆ ಟ್ರ್ಯಾಕ್ಟರುಗಳ ಸಾಲು ಎಷ್ಟು ಹೊತ್ತಿಗೆ ಶುರುವಾಗುತ್ತದೆ? ಮೊಬೈಲಿನ ನಕ್ಷೆ ಎತ್ತಿನ ಗಾಡಿಯ ದಾರಿಯನ್ನೂ ರಸ್ತೆ ಎನ್ನುತ್ತದೆ, ಆದ್ದರಿಂದ ಸ್ವತಃ ತುಳಿದು ಬಂದವರ ಮಾತೇ ಬೇಕು. ನಮ್ಮದು ತೆಳು ಟೈರಿನ ಸೈಕಲ್. ನಡುವೆ ಪಂಕ್ಚರ್ ಅಂಗಡಿ ಯಾವ ಊರಿನಲ್ಲಿದೆ ಎಂದು ಹೇಳಿದರೂ ಉಪಕಾರ.